ಮಲೆನಾಡಿನ ಹಿತ್ತಿಲನ್ನು ಸ್ಥಳದಲ್ಲೇ ನಿಂತು ತೈಲವರ್ಣದಲ್ಲಿ ಚಿತ್ರಿಸುವುದು ಹೇಗೆ?

ಪ್ರಶ್ನೆ: ಹಿತ್ತಿಲಬಾಗಿಲು, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಇದುವರೆಗೆ ಮನೆಯೊಳಗೆ ಕೂತು, ಹಿತ್ತಾಳೆಯ ಪಾತ್ರೆ, ಹಣ್ಣು, ಹೂದಾನಿಗಳನ್ನು ಎದುರಿಗಿಟ್ಟುಕೊಂಡು ತೈಲವರ್ಣದಲ್ಲಿ ಕೆಲಸ ಮಾಡಿದ್ದೇನೆ. ಈಗ ನಮ್ಮ ಹಿತ್ತಿಲನ್ನೇ, ಫೋಟೊ ನೋಡಿ ನಕಲು ಮಾಡದೆ, ಅಲ್ಲಿಯೇ ನಿಂತು ಚಿತ್ರಿಸಬೇಕೆಂಬ ಆಸೆ ಬಲವಾಗಿದೆ. ಮನೆಗೆ ಪೂರ್ವದ ಬಾಗಿಲು; ಹಿತ್ತಿಲು ಪಶ್ಚಿಮಕ್ಕಿದೆ. ಬಚ್ಚಲುಮನೆ, ಅದಕ್ಕೆ ತಾಗಿದ ಸೌದೆ ಕೊಟ್ಟಿಗೆ, ಬಾವಿಕಟ್ಟೆ, ಬಸಳೆ ಚಪ್ಪರ, ಇವುಗಳ ಹಿಂದೆ ಎರಡಾಳೆತ್ತರದ ಧರೆ (ಕಡಿದಾಗಿ ನಿಂತ ಮಣ್ಣಿನ ದಿಬ್ಬ), ಧರೆಯ ಮೇಲೆ ಹಲಸಿನ ಮರ, ಎಡಕ್ಕೆ ಇಳಿಜಾರಿನಲ್ಲಿ ಅಡಿಕೆ ತೋಟದ ಅಂಚು: ಕಣ್ಣಿಗೆ ಬೀಳುವುದು ಇಷ್ಟು.

ನನ್ನ ತೊಡಕುಗಳು ಮೂರು. ಬೆಳಕು ನಿಲ್ಲುವುದಿಲ್ಲ, ತೋಟದೊಳಗಿಂದ ನೆಲದ ಮೇಲೆ ಬೀಳುವ ಬಿಸಿಲಿನ ತುಣುಕುಗಳನ್ನು ಗುರುತಿಸಿಕೊಳ್ಳುವಷ್ಟರಲ್ಲಿ ಅವು ಬೇರೆ ಕಡೆ ಸರಿದಿರುತ್ತವೆ. ಎರಡನೆಯದು ಹಸಿರು: ಬಾಳೆ, ಬಸಳೆ, ಹಲಸು, ಅಡಿಕೆ, ಧರೆಯ ಹಾವಸೆ, ಎಲ್ಲವೂ ಕ್ಯಾನ್ವಾಸಿನ ಮೇಲೆ ಒಂದೇ ಹಸಿರಾಗಿ ಕಾಣುತ್ತವೆ. ಮೂರನೆಯದು ನಮ್ಮ ಕಡೆಯ ತೇವ. ಈಗ ದೀಪಾವಳಿ ಕಳೆದಿರುವುದರಿಂದ ಮಳೆಯ ಕಾಟವಿಲ್ಲ, ಆದರೆ ಬೆಳಿಗ್ಗೆ ಇಬ್ಬನಿ ದಟ್ಟವಾಗಿರುತ್ತದೆ, ಈಗ ಮಾಡಿದ ಚಿತ್ರಗಳನ್ನು ಮುಂದಿನ ಮಳೆಗಾಲದಲ್ಲಿ ಕಾಪಾಡಿಕೊಳ್ಳಬೇಕಾಗಿದೆ. ಈ ಸೀಮೆಯಲ್ಲೇ ಇದ್ದು ಹೊರಗೆ ಚಿತ್ರ ಮಾಡುತ್ತಿರುವವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ: ಕೆಳದಿದಾರಿ, ಸಾಗರ

ನಮಸ್ಕಾರ. ಮನೆಯ ದಿಕ್ಕನ್ನು ನೀವು ಬರೆದಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ಹಿತ್ತಿಲಿನ ಚಿತ್ರಕ್ಕೆ ಮೊದಲು ಹೊತ್ತನ್ನು ಆರಿಸಿಕೊಂಡು, ಆಮೇಲೆ ಆ ಹೊತ್ತಿಗೆ ಒದಗುವ ವಸ್ತುವನ್ನು ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ನಿಮ್ಮ ಹಿತ್ತಿಲಿಗೆ ದಿನದಲ್ಲಿ ಮೂರು ಬೇರೆಬೇರೆ ಬೆಳಕುಗಳಿವೆ. ಬೆಳಿಗ್ಗೆ ಸೂರ್ಯ ಮನೆಯ ಆಚೆ ಇರುತ್ತಾನಾದ್ದರಿಂದ ಮನೆಯ ನೆರಳು ಹಿತ್ತಿಲಿನ ಮೇಲೆ ಹಾಸಿಕೊಂಡಿರುತ್ತದೆ. ಆಗ ಬೆಳಕು ಆಕಾಶದಿಂದ ಮಾತ್ರ ಬರುವುದರಿಂದ ಅದು ತಣ್ಣಗೆ, ಸಮನಾಗಿ ಇರುತ್ತದೆ, ಬಹಳ ಹೊತ್ತು ಬದಲಾಗುವುದಿಲ್ಲ. ಸೂರ್ಯ ಮಾಡಿನ ಹಂಚನ್ನು ದಾಟಿ ಮೇಲೆ ಬಂದಾಗ ಪೂರ್ವಕ್ಕೆ ಮುಖ ಮಾಡಿರುವ ಧರೆ ನೇರ ಬಿಸಿಲಿಗೆ ಸಿಕ್ಕಿ ಕೆಂಪಗೆ ಬೆಳಗುತ್ತದೆ. ಮಧ್ಯಾಹ್ನ ತಿರುಗಿದ ಮೇಲೆ ಧರೆ ನೆರಳಿಗೆ ಸರಿದು, ಬಸಳೆ ಮತ್ತು ಬಾಳೆಯ ಎಲೆಗಳ ಬೆನ್ನಿಗೆ ಬಿಸಿಲು ಬಿದ್ದು, ಎಲೆಗಳು ಒಳಗಿಂದಲೇ ಹೊತ್ತಿಕೊಂಡಂತೆ ಕಾಣುತ್ತವೆ. ಮೂರೂ ಒಳ್ಳೆಯ ಚಿತ್ರಗಳೇ, ಆದರೆ ಒಂದೇ ಹಲಗೆಯ ಮೇಲೆ ಮೂರನ್ನೂ ಸೇರಿಸಿದರೆ ಯಾವ ಹೊತ್ತೂ ಉಳಿಯುವುದಿಲ್ಲ. ಕ್ಲೋದ್ ಮೊನೆ 1890 ಮತ್ತು 1891ರಲ್ಲಿ ಜಿವೆರ್ನಿಯ ಹುಲ್ಲುಬಣವೆಗಳನ್ನು ಚಿತ್ರಿಸುವಾಗ ಹಲವು ಕ್ಯಾನ್ವಾಸುಗಳನ್ನು ಜೊತೆಗಿಟ್ಟುಕೊಂಡು, ಬೆಳಕು ಬದಲಾದಂತೆ ಒಂದನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ನೀವು ಎರಡು ಸಣ್ಣ ಹಲಗೆಗಳನ್ನು, ಒಂದನ್ನು ಬೆಳಗಿಗೆ, ಒಂದನ್ನು ಸಂಜೆಗೆ ಎಂದು ಇಟ್ಟುಕೊಂಡರೆ ಸಾಕು. ಎಂಟು ಅಂಗುಲಕ್ಕೆ ಹತ್ತು ಅಥವಾ ಹತ್ತಕ್ಕೆ ಹನ್ನೆರಡು ಅಂಗುಲಕ್ಕಿಂತ ದೊಡ್ಡದನ್ನು ಆರಂಭದಲ್ಲಿ ಹಿಡಿಯಬೇಡಿ, ಏಕೆಂದರೆ ಒಂದೂವರೆ ಎರಡು ಗಂಟೆಯೊಳಗೆ ಇಡೀ ಮೇಲ್ಮೈ ತುಂಬಬೇಕು.

ನಿಮಗೆ ನನ್ನ ಸಲಹೆ ಬೆಳಗಿನ ನೆರಳಿನಿಂದಲೇ ಆರಂಭಿಸುವುದು. ಬಿಸಿಲಿನ ಆಕರ್ಷಣೆ ದೊಡ್ಡದು ನಿಜ, ಆದರೆ ಅಡಿಕೆ ತೋಟದ ಬಿಸಿಲಿನ ತುಣುಕುಗಳ ಬೆನ್ನು ಹತ್ತುವವರಿಗೆ ರೂಪವೂ ಸಿಗುವುದಿಲ್ಲ, ಬಣ್ಣವೂ ಸಿಗುವುದಿಲ್ಲ. ನೆರಳಿನ ಹಿತ್ತಿಲಿನಲ್ಲಿ ಧರೆಯ ಕೆಂಪು, ಹಾವಸೆಯ ಹಸಿರು, ಬಾವಿಕಟ್ಟೆಯ ಬೂದು, ಮೂರೂ ಮಾಸದೆ ಉಳಿಯುತ್ತವೆ. ಬಿಸಿಲನ್ನೇ ಚಿತ್ರಿಸಬೇಕೆಂದಿದ್ದರೆ ಮೊದಲ ಹತ್ತು ನಿಮಿಷದಲ್ಲಿ ನೆರಳುಗಳ ಅಂಚನ್ನು ಮಾತ್ರ ತೆಳುವಾದ ಬರ್ಂಟ್ ಅಂಬರ್‌ನಿಂದ ಗೆರೆ ಹಾಕಿ, ಆಮೇಲೆ ಎದುರಿನ ನೆರಳು ಎಲ್ಲಿಗೆ ಹೋದರೂ ಆ ಗೆರೆಯನ್ನು ತಿದ್ದಬೇಡಿ. ತುಣುಕುಗಳನ್ನು ಒಂದೊಂದಾಗಿ ಎಣಿಸದೆ, ಇಡೀ ನೆಲವನ್ನು ಮೊದಲು ನೆರಳಿನ ಬಣ್ಣದಲ್ಲಿ ತುಂಬಿ, ಕೊನೆಯಲ್ಲಿ ನಾಲ್ಕಾರು ಕಡೆ ಮಾತ್ರ ದಪ್ಪ ಬಣ್ಣದಲ್ಲಿ ಬಿಸಿಲನ್ನು ಇಡಿ. ತುಣುಕುಗಳ ಆಕಾರ ಚೂಪಾಗಿರದೆ ದುಂಡಗೆ ಅಥವಾ ಅಂಡಾಕಾರವಾಗಿ ಇರುವುದನ್ನು ಗಮನಿಸಿ. ಎತ್ತರದ ಸೋಗೆಯ ಸಂದಿನಿಂದ ಇಳಿದ ಬೆಳಕು ನೆಲದ ಮೇಲೆ ಸೂರ್ಯನ ಬಿಂಬವನ್ನೇ ಮೂಡಿಸುತ್ತದೆ.

ಋತುವಿನ ಲೆಕ್ಕವೂ ನಿಮಗೆ ಅನುಕೂಲವಾಗಿಯೇ ಇದೆ. ನಮ್ಮ ಅಕ್ಷಾಂಶ ಹೆಚ್ಚುಕಡಿಮೆ 14 ಡಿಗ್ರಿ ಉತ್ತರ. ಡಿಸೆಂಬರಿನ ನಡುಹಗಲಿನಲ್ಲೂ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 53 ಡಿಗ್ರಿಯಷ್ಟೇ ಎತ್ತರದಲ್ಲಿರುತ್ತಾನೆ. ಹಾಗಾಗಿ ಈಗಿನಿಂದ ಫೆಬ್ರವರಿಯವರೆಗೆ ದಿನವಿಡೀ ನೆರಳಿಗೆ ಉದ್ದವಿದೆ, ವಸ್ತುಗಳಿಗೆ ಮೈ ಇದೆ. ಏಪ್ರಿಲ್ ಕೊನೆಯ ವಾರಕ್ಕೆ ಸೂರ್ಯ ನೆತ್ತಿಯ ಮೇಲೇ ಬಂದು ನೆರಳು ಕಾಲಡಿಗೆ ಸೇರುತ್ತದೆ. ಆಗ ಹತ್ತರಿಂದ ಮೂರರವರೆಗೆ ಹೊರಗೆ ಚಿತ್ರ ಮಾಡುವುದರಲ್ಲಿ ಅರ್ಥವಿಲ್ಲ.

ಕ್ಯಾನ್ವಾಸಿನ ಮೇಲೆ ಅಥವಾ ಪ್ಯಾಲೆಟ್ ಮೇಲೆ ನೇರ ಬಿಸಿಲು ಬೀಳಬಾರದು. ಬಿಸಿಲಿನಲ್ಲಿ ಬಣ್ಣ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುವುದರಿಂದ ಕೈ ತಾನಾಗಿ ಗಾಢ ಬಣ್ಣ ಕಲಸುತ್ತದೆ, ಚಿತ್ರವನ್ನು ಒಳಗೆ ತಂದಾಗ ಅದು ಮಂಕಾಗಿರುತ್ತದೆ. ಬಣ್ಣದ ಕೊಡೆ ತನ್ನ ಬಣ್ಣವನ್ನು ಚಿತ್ರದ ಮೇಲೆ ಚೆಲ್ಲುತ್ತದಾದ್ದರಿಂದ ನಮ್ಮ ಹಳೆಯ ಕಪ್ಪು ಕೊಡೆಯೇ ಮೇಲು. ಬೂದು ಬಣ್ಣದ ತುಂಬುತೋಳಿನ ಅಂಗಿ ಹಾಕಿಕೊಂಡರೆ ಅದರ ಪ್ರತಿಫಲನವೂ ಕಾಡುವುದಿಲ್ಲ, ಸೊಳ್ಳೆಯೂ ಕಡಿಯುವುದಿಲ್ಲ.

ಉತ್ತರ: ಕುಂಚಕಮ್ಮಟ, ಶಿವಮೊಗ್ಗ

ಮೇಲಿನವರು ಬೆಳಕಿನ ವಿಷಯವನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಹಸಿರಿಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಮಲೆನಾಡಿನಲ್ಲಿ ಹೊರಗೆ ಚಿತ್ರ ಮಾಡುವವರಿಗೆ ಎಲ್ಲಕ್ಕಿಂತ ಕಠಿಣವಾದದ್ದು ಅದೇ, ನಾನು ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವಾಗ ಅತಿ ಹೆಚ್ಚು ಹೊತ್ತು ಹಿಡಿಯುವ ಪಾಠವೂ ಅದೇ.

ಟ್ಯೂಬಿನಲ್ಲಿ ಬರುವ ಸ್ಯಾಪ್ ಗ್ರೀನ್, ವಿರಿಡಿಯನ್‌ಗಳನ್ನು ಸ್ವಲ್ಪ ಕಾಲ ಪೆಟ್ಟಿಗೆಯಲ್ಲೇ ಬಿಡಿ. ಟೈಟೇನಿಯಂ ವೈಟ್, ತಿಳಿ ಕ್ಯಾಡ್ಮಿಯಂ ಯೆಲ್ಲೊ, ಯೆಲ್ಲೊ ಓಕರ್, ಬರ್ಂಟ್ ಸಿಯೆನಾ, ಅಲಿಜರಿನ್ ಕ್ರಿಮ್ಸನ್, ಅಲ್ಟ್ರಾಮರೀನ್, ಐವರಿ ಬ್ಲ್ಯಾಕ್, ಇವಿಷ್ಟು ಸಾಕು. ಹಳದಿಗೆ ಅಲ್ಟ್ರಾಮರೀನ್ ಸೇರಿಸಿದಾಗ ಬರುವ ಹಸಿರು ಒಂದು ಜಾತಿ. ಹಳದಿಗೆ ಐವರಿ ಬ್ಲ್ಯಾಕ್ ಸೇರಿಸಿದಾಗ ಬರುವ ಮಾಗಿದ ಹಸಿರು ಇನ್ನೊಂದು. ಓಕರಿಗೆ ಅಲ್ಟ್ರಾಮರೀನ್ ಸೇರಿಸಿದಾಗ ಬರುವುದು ಮತ್ತೊಂದು. ಈ ಮೂರಕ್ಕೂ ಅಲ್ಲಲ್ಲಿ ಬರ್ಂಟ್ ಸಿಯೆನಾ ಹಾಕಿದರೆ ಹಾವಸೆ, ಒಣಗುತ್ತಿರುವ ಸೋಗೆ, ಹಲಸಿನ ಮರದ ಒಳಗತ್ತಲು ಎಲ್ಲವೂ ಸಿಗುತ್ತವೆ. ಕುಂಚ ಎತ್ತಿಕೊಳ್ಳುವ ಮೊದಲೇ ಪ್ಯಾಲೆಟ್ ನೈಫಿನಿಂದ ಇಂಥ ನಾಲ್ಕೈದು ಹಸಿರುಗಳನ್ನು ಬೇರೆಬೇರೆ ರಾಶಿಯಾಗಿ ಕಲಸಿಟ್ಟುಕೊಳ್ಳಿ. ಕೆಲಸದ ಭರದಲ್ಲಿ ಕಲಸಲು ಹೋದರೆ ಎಲ್ಲವೂ ಒಂದಕ್ಕೊಂದು ಬೆರೆತು, ನೀವು ಹೇಳಿದ ಆ ಒಂದೇ ಹಸಿರಾಗುತ್ತದೆ.

ಆದರೆ ಬಣ್ಣದ ಪಟ್ಟಿಗಿಂತ ಮುಖ್ಯವಾದದ್ದು ಎಲೆಯನ್ನು ನೋಡುವ ಕ್ರಮ. ಒಂದೇ ಗಿಡದ ಎಲೆಗಳಲ್ಲಿ ಬಿಸಿಲು ಹಾದು ಬರುವ ಎಲೆ ಹಳದಿಗೆ ವಾಲಿದ ಬೆಚ್ಚನೆಯ ಹಸಿರು. ಆಕಾಶಕ್ಕೆ ಮೈಯೊಡ್ಡಿದ ಎಲೆಯ ಮೇಲ್ಮೈ ಹೊಳಪಾಗಿರುವುದರಿಂದ ಆಕಾಶವನ್ನೇ ಪ್ರತಿಫಲಿಸಿ ನೀಲಿ ಬೆರೆತ ಬೂದಾಗಿ ಕಾಣುತ್ತದೆ. ಕೆಂಪು ನೆಲದ ಹತ್ತಿರವಿರುವ ಎಲೆಯ ಅಡಿಭಾಗದಲ್ಲಿ ಮಣ್ಣಿನ ಬೆಚ್ಚನೆಯ ಬಣ್ಣ ಸೇರಿಕೊಂಡಿರುತ್ತದೆ. ಹಲಸಿನ ಎಲೆ ಗಾಢ ಹಸಿರೆಂದು ನಮಗೆ ಗೊತ್ತು, ಆದರೆ ಬೆಳಗಿನ ಹೊತ್ತು ಅದರ ಮೇಲ್ಭಾಗ ಬಹುಪಾಲು ನೀಲಿಬೂದು. ಗೊತ್ತಿರುವ ಬಣ್ಣವನ್ನು ಬಿಟ್ಟು ಕಂಡ ಬಣ್ಣವನ್ನು ಹಾಕುವ ಧೈರ್ಯ ಬಂದ ದಿನ ಬಾಳೆ, ಬಸಳೆ, ಹಲಸು ತಾವಾಗಿ ಬೇರೆಯಾಗುತ್ತವೆ.

ಇಷ್ಟಾದರೂ ಬೇರೆಯಾಗದಿದ್ದರೆ ತೊಂದರೆ ಬಣ್ಣದಲ್ಲಿಲ್ಲ, ಅದರ ತಿಳಿ-ಗಾಢದ ಮಟ್ಟವಾದ ಟೋನ್‌ನಲ್ಲಿದೆ ಎಂದು ತಿಳಿಯಿರಿ. ಕಣ್ಣು ಅರೆಮುಚ್ಚಿ ನೋಡಿ: ಬಯಲು ನಾಡಿನಲ್ಲಿ ಆಕಾಶ ಎಲ್ಲಕ್ಕಿಂತ ಬೆಳಕು, ಅದರ ನಂತರ ಮಟ್ಟಸವಾದ ನೆಲ, ಆಮೇಲೆ ಇಳಿಜಾರು, ಎಲ್ಲಕ್ಕಿಂತ ಗಾಢವಾದದ್ದು ನೇರವಾಗಿ ನಿಂತ ಮರ ಎಂಬ ಕ್ರಮ ಸಾಮಾನ್ಯವಾಗಿ ಸರಿಹೋಗುತ್ತದೆ. ಮರದ ಮುಚ್ಚಿಗೆಯ ಕೆಳಗಿರುವ ಹಿತ್ತಿಲಿನಲ್ಲಿ ಈ ಕ್ರಮವನ್ನು ಕಣ್ಣುಮುಚ್ಚಿ ಪಾಲಿಸಲಾಗದು. ನೆಲ ಮರಕ್ಕಿಂತ ಗಾಢವಾಗಿರುವ ಜಾಗಗಳು ಇಲ್ಲಿ ಬೇಕಾದಷ್ಟಿವೆ. ಅದಕ್ಕಾಗಿಯೇ ಸೀಸದ ಕಡ್ಡಿಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಕರಡನ್ನು ಮೊದಲು ಮಾಡಿ, ಕಪ್ಪು, ಬೂದು, ಬಿಳಿ ಎಂಬ ಮೂರೇ ಭಾಗಗಳಲ್ಲಿ ಹಿತ್ತಿಲನ್ನು ಕೂರಿಸಿ. ಆ ಕರಡು ನಿಲ್ಲದಿದ್ದರೆ ಮೇಲೆ ಎಷ್ಟು ಬಗೆಯ ಹಸಿರು ಹಾಕಿದರೂ ಚಿತ್ರ ನಿಲ್ಲುವುದಿಲ್ಲ.

ಇನ್ನೊಂದು ಮಾತು. ಬಿಳಿಯ ಹಲಗೆಯ ಮೇಲೆ ನೇರವಾಗಿ ಹಸಿರು ಹಾಕಬೇಡಿ. ಬರ್ಂಟ್ ಸಿಯೆನಾವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಇಡೀ ಹಲಗೆಗೆ ಒರೆಸಿ, ಮರುದಿನ ಅದರ ಮೇಲೆ ಕೆಲಸ ಮಾಡಿ. ಕುಂಚದ ಸಂದುಗಳಲ್ಲಿ ಉಳಿದುಕೊಳ್ಳುವ ಆ ಕೆಂಪು ಹಸಿರಿಗೆ ಜೀವ ಕೊಡುತ್ತದೆ, ನಿಮ್ಮ ಧರೆಗೂ ಅಂಗಳಕ್ಕೂ ನೆಲೆಯನ್ನು ಒದಗಿಸುತ್ತದೆ. ಕೆಮ್ಮಣ್ಣಿನ ನೆಲದ ಮೇಲೆ ಚಿತ್ರ ಬರೆಯುವುದು ಈ ಸೀಮೆಗೆ ಹೊಸದೇನೂ ಅಲ್ಲ: ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಗೋಡೆಯನ್ನು ಕೆಮ್ಮಣ್ಣಿನಿಂದ ಸಾರಿಸಿ, ಅಕ್ಕಿಹಿಟ್ಟಿನ ಬಿಳಿ ಗೆರೆಗಳನ್ನು ಪುಂಡಿನಾರಿನ ಕುಂಚದಿಂದ ಎಳೆಯುತ್ತಾ ಬಂದಿದ್ದಾರೆ. ಅವರ ಬಿಳಿ ಅಷ್ಟು ಬೆಳಗುವುದು ಕೆಳಗಿನ ಕೆಂಪಿನಿಂದ.

ಕನ್ನಡ ನಾಡಿನಲ್ಲೇ ಮಾದರಿ ಬೇಕೆಂದರೆ ರುಮಾಲೆ ಚನ್ನಬಸವಯ್ಯನವರ (1910-1988) ಕೃತಿಗಳನ್ನು ಬೆಂಗಳೂರಿಗೆ ಹೋದಾಗ ನೋಡಿ ಬನ್ನಿ. ಬೆಂಗಳೂರಿನ ಹೂಮರಗಳನ್ನು ಜಲವರ್ಣ ಮತ್ತು ತೈಲವರ್ಣಗಳಲ್ಲಿ ಚಿತ್ರಿಸಿದ ಅವರಲ್ಲಿ ಹಸಿರು ಎಂದೂ ಒಂಟಿಯಾಗಿರುವುದಿಲ್ಲ. ಪಕ್ಕದಲ್ಲಿ ನೇರಳೆಯೋ ಕೆಂಪೋ ಇದ್ದೇ ಇರುತ್ತದೆ. ನಿಮ್ಮ ಹಿತ್ತಿಲಿನಲ್ಲಿ ಆ ಕೆಲಸಕ್ಕೆ ಧರೆಯ ಜಂಬಿಟ್ಟಿಗೆ ಇದೆ, ಕೆಂಪು ದಂಟಿನ ಬಸಳೆಯಾಗಿದ್ದರೆ ಅದೂ ಇದೆ.

ಉತ್ತರ: ಶರಾವತಿ ಹಿನ್ನೀರು, ಹೊಸನಗರ

ತೇವದ ವಿಷಯಕ್ಕೆ ಬರುತ್ತೇನೆ. ಹೊರಗೆ ಚಿತ್ರ ಮಾಡುವುದಕ್ಕೆ ನಮ್ಮ ಹವೆಯಲ್ಲಿ ಜಲವರ್ಣಕ್ಕಿಂತ ತೈಲವರ್ಣವೇ ಹೆಚ್ಚು ಹೊಂದುತ್ತದೆ. ಜಲವರ್ಣದ ಕಾಗದ ಇಬ್ಬನಿಯಲ್ಲಿ ಗಂಟೆಗಟ್ಟಲೆ ಒಣಗುವುದಿಲ್ಲ. ತೈಲವರ್ಣದಲ್ಲಿ ನೀರು ಆರಿಹೋಗಬೇಕಾದ ಪ್ರಸಂಗವೇ ಇಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಇಬ್ಬನಿಯ ಹನಿ ಹಸಿ ಬಣ್ಣದ ಮೇಲೆ ಬಿದ್ದರೆ ಮಣಿಯಂತೆ ಕೂತಿರುತ್ತದೆ. ಅದನ್ನು ಉಜ್ಜದೆ, ಹಲಗೆಯನ್ನು ಓರೆ ಮಾಡಿ ಇಳಿಸಿಬಿಟ್ಟರೆ ಸಾಕು. ಅದರ ಮೇಲೆಯೇ ಕುಂಚ ಆಡಿಸಿದರೆ ಮಾತ್ರ ನೀರು ಬಣ್ಣದೊಳಗೆ ಸೇರಿ ಪದರ ಕೆಡುತ್ತದೆ.

ಮಳೆಗಾಲವನ್ನು ನೆನೆದರೆ ಬಟ್ಟೆಯ ಕ್ಯಾನ್ವಾಸಿಗಿಂತ ಹಲಗೆಯೇ ಒಳ್ಳೆಯದು. ಬಟ್ಟೆ ತೇವಕ್ಕೆ ಸಡಿಲವಾಗಿ, ಬಿಸಿಲಿಗೆ ಬಿಗಿಯಾಗಿ, ವರ್ಷಗಳು ಕಳೆದಂತೆ ಮೇಲಿನ ಬಣ್ಣ ಬಿರಿಯುವುದಕ್ಕೆ ಕಾರಣವಾಗುತ್ತದೆ. ಒಳ್ಳೆಯ ಪ್ಲೈವುಡ್ಡನ್ನು ಕತ್ತರಿಸಿಕೊಂಡು ಎರಡೂ ಮೈಗೆ, ವಿಶೇಷವಾಗಿ ಅಂಚುಗಳಿಗೆ, ಅಕ್ರಿಲಿಕ್ ಜೆಸ್ಸೊ (ಬಣ್ಣದ ಕೆಳಗೆ ಹಚ್ಚುವ ಬಿಳಿ ಅಸ್ತರು) ಹಚ್ಚಿ. ಒಂದೇ ಮೈಗೆ ಹಚ್ಚಿದರೆ ಇನ್ನೊಂದು ಮೈ ತೇವ ಕುಡಿದು ಹಲಗೆ ಬಾಗುತ್ತದೆ.

ಬಣ್ಣಗಳೆಲ್ಲ ಒಂದೇ ವೇಗದಲ್ಲಿ ಒಣಗುವುದಿಲ್ಲ ಎಂಬುದನ್ನು ಯೋಜನೆಯಲ್ಲಿ ಸೇರಿಸಿಕೊಳ್ಳಿ. ಅಂಬರ್, ಸಿಯೆನಾಗಳಂಥ ಮಣ್ಣಿನ ಬಣ್ಣಗಳು ಬೇಗ ಒಣಗುತ್ತವೆ. ಕ್ಯಾಡ್ಮಿಯಂ, ಅಲಿಜರಿನ್, ಐವರಿ ಬ್ಲ್ಯಾಕ್ ನಿಧಾನ. ಆದ್ದರಿಂದ ಕೆಳಗಿನ ತೆಳು ಪದರಕ್ಕೆ ಮಣ್ಣಿನ ಬಣ್ಣಗಳನ್ನು ಬಳಸಿ, ಎಣ್ಣೆ ಹೆಚ್ಚಿರುವ ಬಣ್ಣವನ್ನು ಯಾವಾಗಲೂ ಮೇಲಿಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲು ಕಿಟಕಿಗೆ ಹಚ್ಚಲು ಕೊಡುವ ಕುದಿಸಿದ ಅಗಸೆ ಎಣ್ಣೆ ಬೇಗ ಒಣಗುತ್ತದೆಂದು ಅದನ್ನು ಬಳಸಬೇಡಿ. ಅದು ಬಲು ಬೇಗ ಹಳದಿಯಾಗುತ್ತದೆ. ಅದೇ ಅಂಗಡಿಯ ಥಿನ್ನರ್ ಕೂಡ ನಮ್ಮ ಕೆಲಸದ್ದಲ್ಲ.

ಚಿತ್ರ ಮುಗಿದ ಮೇಲೆ ಅದನ್ನು ಟ್ರಂಕಿನಲ್ಲಿಟ್ಟು ಮುಚ್ಚಿಡುವುದು ನಮ್ಮಲ್ಲಿ ಬಹಳ ಮನೆಗಳ ರೂಢಿ. ಎರಡು ಕಾರಣಗಳಿಗಾಗಿ ಇದು ಕೂಡದು: ಗಾಳಿಯಾಡದಲ್ಲಿ ಬೂಷ್ಟು ಹಿಡಿಯುತ್ತದೆ, ಕತ್ತಲೆಯಲ್ಲಿ ಅಗಸೆ ಎಣ್ಣೆ ಹಳದಿಯಾಗುತ್ತದೆ. ಕತ್ತಲೆಯಲ್ಲಿ ಬಂದ ಹಳದಿ ಬೆಳಕಿಗಿಟ್ಟಾಗ ಬಹುಮಟ್ಟಿಗೆ ಇಳಿಯುತ್ತದೆ ಎಂಬುದು ಸಮಾಧಾನದ ಸಂಗತಿ. ಮಳೆ ಹೊಡೆಯುವ ಹೊರಗೋಡೆಯನ್ನು ಬಿಟ್ಟು ಒಳಗೋಡೆಗೆ ತೂಗುಹಾಕಿ, ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ಬಿಲ್ಲೆ ಅಂಟಿಸಿ ಗಾಳಿಗೆ ಸಂದು ಬಿಡಿ. ವಾರ್ನಿಶ್ ಹಚ್ಚುವುದನ್ನು ಆರು ತಿಂಗಳಿಂದ ವರ್ಷದವರೆಗೆ ತಡೆದು, ಜನವರಿ ಫೆಬ್ರವರಿಯ ಒಣ ಹವೆಯಲ್ಲಿ ಹಚ್ಚಿ. ಜುಲೈಯಲ್ಲಿ ಹಚ್ಚಿದ ವಾರ್ನಿಶ್ ಮೇಲೆ ಬಿಳಿಯ ಮಬ್ಬು ಕೂರುತ್ತದೆ.

ಹುಳಹುಪ್ಪಟೆಗಳ ಬಗ್ಗೆ ಹೆಚ್ಚು ಚಿಂತಿಸಬೇಡಿ. ಬಣ್ಣಕ್ಕೆ ಅಂಟಿದ ನುಸಿಯನ್ನು ಹಸಿಯಲ್ಲಿ ಕೀಳದೆ, ಒಣಗಿದ ಮೇಲೆ ಕೊಡವಿದರೆ ಉದುರುತ್ತದೆ. ವ್ಯಾನ್ ಗೋ 1889ರಲ್ಲಿ ಬರೆದ ಆಲಿವ್ ಮರಗಳ ಚಿತ್ರವೊಂದರ ಬಣ್ಣದಲ್ಲಿ ಸಿಕ್ಕಿಕೊಂಡಿದ್ದ ಮಿಡತೆ 2017ರಲ್ಲಿ ಅಮೆರಿಕದ ನೆಲ್ಸನ್-ಆಟ್ಕಿನ್ಸ್ ಮ್ಯೂಸಿಯಂನವರ ಕಣ್ಣಿಗೆ ಬಿತ್ತು. ಹೊರಗೆ ನಿಂತು ಕೆಲಸ ಮಾಡಿದ್ದಕ್ಕೆ ಅದು ಸಾಕ್ಷಿ.

ಕೊನೆಯದಾಗಿ ಹೇಳುವ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ, ಎಣ್ಣೆ ಆಮ್ಲಜನಕದೊಂದಿಗೆ ಸೇರುವಾಗ ಹುಟ್ಟುವ ಶಾಖ ಒಳಗೇ ಕೂಡಿಕೊಂಡು, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ನಿಮ್ಮ ಹಿತ್ತಿಲಿನಲ್ಲಿ ಸೌದೆ ಕೊಟ್ಟಿಗೆ ಇದೆ, ದರಗು, ಸೋಗೆಗಳೂ ಇದ್ದೇ ಇರುತ್ತವೆ. ಬಟ್ಟೆಯನ್ನು ಬಿಡಿಸಿ ಹೊರಗೆ ಒಂಟಿಯಾಗಿ ಒಣಹಾಕಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಿ. ಕುಂಚ ತೊಳೆದ ಟರ್ಪೆಂಟೈನನ್ನು ಬಾವಿಕಟ್ಟೆಯ ಬಳಿಯಾಗಲಿ ದನ ಮೇಯುವಲ್ಲಾಗಲಿ ಚೆಲ್ಲಬಾರದು. ಗಾಜಿನ ಬಾಟಲಿಯಲ್ಲಿ ಎರಡು ದಿನ ಬಿಟ್ಟರೆ ಬಣ್ಣ ತಳಕ್ಕೆ ಕೂತು ಮೇಲಿನದು ತಿಳಿಯಾಗುತ್ತದೆ. ಅದನ್ನು ಬಗ್ಗಿಸಿಕೊಂಡು ಮತ್ತೆ ಬಳಸಬಹುದು.

ಮರುಪ್ರಶ್ನೆ: ಹಿತ್ತಿಲಬಾಗಿಲು

ಮೂವರಿಗೂ ಕೃತಜ್ಞತೆಗಳು. ಬೆಳಗಿನ ನೆರಳಿನಲ್ಲೇ ಆರಂಭಿಸಲು ನಿರ್ಧರಿಸಿದ್ದೇನೆ. ಎರಡು ಸಣ್ಣ ಸಂದೇಹಗಳಿವೆ. ಒಂದು ಬೆಳಗಿನಲ್ಲಿ ಮುಗಿಯದಿದ್ದರೆ ಮರುದಿನ ಮುಂದುವರಿಸಬಹುದೇ? ಆ ಹೊತ್ತಿಗೆ ನಮ್ಮ ಬಚ್ಚಲೊಲೆಯ ಹೊಗೆ ಮಾಡಿನ ಸಂದಿನಿಂದ ಹೊರಬಂದು ಧರೆಯವರೆಗೆ ಹರಡಿಕೊಂಡಿರುತ್ತದೆ. ಅದನ್ನು ಬಿಳಿ ಬಣ್ಣದಿಂದ ಹಾಕಬೇಕೇ?

ಉತ್ತರ: ಕೆಳದಿದಾರಿ

ಮರುದಿನ ಅದೇ ಹೊತ್ತಿಗೆ, ಹವೆಯೂ ಅದೇ ಇದ್ದರೆ ಧಾರಾಳವಾಗಿ ಮುಂದುವರಿಸಿ. ಜಾನ್ ಕಾನ್‌ಸ್ಟೆಬಲ್ 1821 ಮತ್ತು 1822ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಮೋಡಗಳನ್ನು ತೈಲವರ್ಣದಲ್ಲಿ ಅಭ್ಯಾಸ ಮಾಡುವಾಗ ಅವುಗಳ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಗಾಳಿಯ ವಿವರಗಳನ್ನು ಬರೆದಿಡುತ್ತಿದ್ದರು. ನೀವೂ ಹಲಗೆಯ ಹಿಂದೆ ಹೊತ್ತನ್ನೂ ಮೋಡವಿತ್ತೇ ಇಲ್ಲವೇ ಎಂಬುದನ್ನೂ ಬರೆದಿಟ್ಟರೆ ಮರುದಿನ ಎಲ್ಲಿಂದ ಹಿಡಿಯಬೇಕೆಂದು ತಿಳಿಯುತ್ತದೆ.

ಉತ್ತರ: ಕುಂಚಕಮ್ಮಟ

ಈ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಮುಗಿಯದ ಚಿತ್ರವನ್ನು ಹಾಗೆಯೇ ಬಿಟ್ಟು ಮರುದಿನ ಹೊಸ ಹಲಗೆ ಹಿಡಿಯುವುದು ಕಲಿಕೆಗೆ ಹೆಚ್ಚು ಒಳ್ಳೆಯದು. ಮೊದಲ ನೋಟದಲ್ಲಿ ಕಂಡದ್ದು ಎರಡನೆಯ ದಿನದ ತಿದ್ದುಪಡಿಯಲ್ಲಿ ಅಳಿಸಿಹೋಗುವುದನ್ನು ಬಹಳ ಸಲ ನೋಡಿದ್ದೇನೆ.

ಹೊಗೆಗೆ ಬಿಳಿ ಹಾಕಬೇಡಿ. ಹೊಗೆಯ ಹಿಂದೆ ಗಾಢವಾದ ಹಲಸಿನ ಮರವಿದ್ದಾಗ ಅದು ನೀಲಿಯಾಗಿಯೂ, ಅದೇ ಹೊಗೆ ಮೇಲೇರಿ ಬೆಳಕಾದ ಆಕಾಶದ ಎದುರಿಗೆ ಬಂದಾಗ ಕಂದುಬಣ್ಣವಾಗಿಯೂ ಕಾಣುತ್ತದೆ. ಹೊಗೆಯ ಸೂಕ್ಷ್ಮ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದೇ ಇದಕ್ಕೆ ಕಾರಣ. ಆದ್ದರಿಂದ ಹೊಗೆ ಹಾಯುವ ಜಾಗದಲ್ಲಿ ಮರದ ಮತ್ತು ಧರೆಯ ಬಣ್ಣಗಳನ್ನೇ ಒಂದು ಮಟ್ಟ ತಿಳಿಯಾಗಿ, ನೀಲಿಬೂದು ಬೆರೆಸಿ ಕಲಸಿಕೊಂಡು, ಹಸಿಯಿರುವಾಗಲೇ ಒಣಕುಂಚದಿಂದ ಅಂಚನ್ನು ಪಕ್ಕದ ಬಣ್ಣದೊಳಗೆ ಸವರಿ. ಮಾಡಿನ ಸಂದಿನಿಂದ ಹೊರಬರುವ ಜಾಗದಲ್ಲಿ ಮಾತ್ರ ಅಂಚು ಸ್ವಲ್ಪ ಸ್ಪಷ್ಟವಾಗಿರಲಿ; ಅಲ್ಲಿ ಹೊಗೆ ದಟ್ಟವಾಗಿರುತ್ತದೆ.